ನಲವತ್ತೆರಡು ಸುತ್ತು

ಡಿ. 6, ಶುಕ್ರವಾರ. ಬೆಳಿಗ್ಗೆ 6.50

ಮೂವತ್ತೊಂದು ಸುತ್ತು. ನಿನ್ನೆಗಿಂತ ನಾಲ್ಕು ಹೆಚ್ಚು. ಹಗ್ಗ ಹಿಡಿದು ಅಳೆದಿದ್ದೇನೆ — ದಂಡಿಗನಹಳ್ಳಿ ತೋಟದ ಬಾವಿ, ಸುತ್ತಿಗೆ ಹದಿನೆಂಟು ಮೀಟರ್. ಟ್ರಯಥ್ಲಾನ್‌ನಲ್ಲಿ ಈಜು 750 ಮೀಟರ್, ಅಂದರೆ ನಲವತ್ತೆರಡು ಸುತ್ತು. ಅರ್ಧ ಗಂಟೆಯೊಳಗೆ. ಆಮೇಲೆ ಸೈಕಲ್ ಇಪ್ಪತ್ತು ಕಿಲೋಮೀಟರ್, ಓಟ ಐದು. ಅವೆರಡರ ಚಿಂತೆಯಿಲ್ಲ.

ಅತ್ತೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾರೆ. ಸುತ್ತಿಗೊಂದು ಕಾಯಿ, ಅದೇ ಲೆಕ್ಕ. ಯಾರಾದರೂ ತೋಟದ ಕಡೆ ಬಂದರೆ ಕೆಮ್ಮುತ್ತಾರೆ. ಈಜು ಕಲಿಸಿದ್ದೂ ಅವರೇ, ತಮ್ಮ ಅರವತ್ತೆಂಟನೇ ವಯಸ್ಸಿನಲ್ಲಿ, ನನ್ನ ಸೊಂಟಕ್ಕೆ ಹಗ್ಗ ಕಟ್ಟಿ. ಇವತ್ತು ಮೇಲೆ ಬಂದಾಗ ಮೊರ ತೋರಿಸಿದರು.

"ಇನ್ನೊಂದತ್ ಸುತ್ ಆಕಿದ್ರೆ ಸಾರಿಗಾಗೋದು ಕಣವ್ವ. ಇದು ಪಲ್ಯಕ್ಕೂ ಸಾಲಾಕಿಲ್ಲ."

ಡಿ. 11. ಸಂಜೆ

ಓದಲು ಕೂತೆ. ನಾರ್ವೆಯ ಕಾದಂಬರಿ, ಅನುವಾದ ಚೆನ್ನಾಗಿದೆ. ಆದರೂ ನಾಲ್ಕು ದಿನದಿಂದ 61ನೇ ಪುಟ. ಎದ್ದು ಸೈಕಲ್ ಗಾಳಿ ನೋಡಿದೆ. ಸರಿಯಿತ್ತು. ಮತ್ತೆ ನೋಡಿದೆ.

ನೀರಿನ ಸಹವಾಸ ಯಾಕೆ, ಸೈಕಲ್ಲಷ್ಟೇ ತುಳಿ ಅಂದರು ಗಂಡ ರುದ್ರೇಶ್. ಹದಿನೆಂಟು ವರ್ಷದಿಂದ ಚನ್ನರಾಯಪಟ್ಟಣದ ಅದೇ ಕಾಲೇಜು ಲೈಬ್ರರಿ, ಅದೇ 8.10ರ ಬಸ್ಸು, ಅದೇ ಕಿಟಕಿ. ಒಂದು ಸಲವಾದರೂ ನನ್ನ ಕೈಕಾಲಿನಿಂದಲೇ ಒಂದು ದಡ ಬಿಟ್ಟು ಇನ್ನೊಂದು ದಡ ಹತ್ತಬೇಕು. ಇದನ್ನು ಅವರಿಗೆ ಹೇಳಿದರೆ ಚಿಕ್ಕದಾಗಿಬಿಡುತ್ತದೆ.

ಡಿ. 29

ನಲವತ್ತೆರಡು. ಇಪ್ಪತ್ತನಾಲ್ಕು ನಿಮಿಷ.

ಯಾರಿಗೂ ಹೇಳಲಿಲ್ಲ. ಸಂಜೆಯ ಹೊತ್ತಿಗೆ ಅತ್ತೆ ಊರಿಗೆಲ್ಲ ಹೇಳಿಬಂದಿದ್ದರು.

ಜ. 5, ಭಾನುವಾರ

ಹಳೇಕೋಟೆ ಕಡೆಯ ಕೆರೆಯಲ್ಲಿ ಟ್ರಯಲ್. ಈ ದಡದಿಂದ ಆ ದಡಕ್ಕೆ. ಇಪ್ಪತ್ತು ನಿಮಿಷಕ್ಕೆ ತಲೆಯೆತ್ತಿದರೆ ದಡ ಹತ್ತಿರವೇ ಇತ್ತು. ಖುಷಿಯಾಯಿತು… ನನ್ನ ಚಪ್ಪಲಿ ಕಾಣುವವರೆಗೆ. ಹೊರಟ ದಡವೇ.

ರೇಸ್ ನಡೆಸುವ ಹರ್ಷವರ್ಧನ್ ದೋಣಿಯಲ್ಲಿ ಹಿಂದೆಯೇ ಬಂದಿದ್ದರು. "ಕೆರೆ ದಾಟಿ ಅಂದ್ರೆ ಪ್ರದಕ್ಷಿಣೆ ಹಾಕ್ತಿದೀರಲ್ಲ ಮೇಡಂ."

ಮತ್ತೆ ಇಳಿದೆ. ಮತ್ತೆ ಎಡಕ್ಕೆ. ಬಾವಿಯಲ್ಲಿ ದಿನವೂ ಗೋಡೆಯನ್ನು ಬಲಕ್ಕಿಟ್ಟುಕೊಂಡು ಎಡಕ್ಕೇ ತಿರುಗಿದ್ದೇನೆ. ಕೈಗೆ ಅದೊಂದೇ ದಾರಿ ಗೊತ್ತು.

ಹತ್ತೊಂಬತ್ತರ ರೇಸಿನಲ್ಲೂ ಹೀಗಾದರೆ ದೋಣಿಗೆ ಹತ್ತಿಸುತ್ತಾರಂತೆ. ಸೈಕಲ್ ಮುಟ್ಟುವ ಹಾಗಿಲ್ಲ.

ಜ. 6

ಅತ್ತೆಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರೆಕಾಯಿ ಕೆಳಗಿಟ್ಟರು.

"ನಂದೇ ತಪ್ಪು ಕಣವ್ವ. ನಾನೂ ಬಾವೀಲೇ ಈಜಿದೋಳು. ದಡ ಅಂದ್ರೆ ನಂಗೆ ಮೆಟ್ಲು, ಅಷ್ಟೇಯ."

ಬಲಕ್ಕೆ ಸುತ್ತಲು ಹೇಳಿದರು. ಸುತ್ತಿದೆ.

ಜ. 8

ಕೆರೆಯಲ್ಲಿ ಈಗ ಎರಡೂ ಕಡೆಗೆ ತಪ್ಪುತ್ತೇನೆ. 61ನೇ ಪುಟ.

ಜ. 15

ನಿನ್ನೆ ಎಳ್ಳು ಬೀರುವುದನ್ನು ನೆರೆಮನೆಯವರಿಗೆ ಬಿಟ್ಟು ಮೂವರೂ ಕೆರೆಗೆ ಹೋದೆವು. ಅತ್ತೆ ಕೆಂಪು ಸೀರೆಯುಟ್ಟು ಆಚೆ ದಡದಲ್ಲಿ ನಿಂತರು. ಹತ್ತು ಕೈ ಹೊಡೆ, ತಲೆಯೆತ್ತು, ಕೆಂಪು ನೋಡು, ಮತ್ತೆ ಹತ್ತು — ಅವರದೇ ಉಪಾಯ. ಪಕ್ಕದಲ್ಲಿ ತೆಪ್ಪದಲ್ಲಿ ರುದ್ರೇಶ್, ಮುಖ ಬಿಗಿದುಕೊಂಡು.

ಇಪ್ಪತ್ತೆಂಟು ನಿಮಿಷ. ನೇರವಾಗಿ ಹೋಗಲಿಲ್ಲ. ಆದರೆ ದಡ.

ಜ. 19, ಭಾನುವಾರ. 6.20

ಮಂಜು. ಅತ್ತೆ ಐದೂವರೆಗೇ ಆಚೆ ದಡಕ್ಕೆ ಹೋದರು, ಅದೇ ಸೀರೆ. ಇಲ್ಲಿಂದ ಸೀರೆಯೂ ಇಲ್ಲ, ದಡವೂ ಇಲ್ಲ. ನೀರು ಹತ್ತು ಮಾರಿಗೇ ಮುಗಿದ ಹಾಗಿದೆ. ದಾರಿ ತೋರಿಸಲು ನೀರಿನ ಮೇಲೆ ತೇಲಿಬಿಟ್ಟ ಬೆಲೂನುಗಳಲ್ಲಿ ಎರಡನೆಯದು ಕಂಡರೆ ಈಜಲು ಬಿಡುತ್ತಾರಂತೆ. ಅಷ್ಟು ಕಂಡರೆ ನನಗೆ ಸಾಲದು.

ಚೀಲದ ಜಿಪ್ಪು ಹಾಕಿದೆ. ತೆಗೆದೆ. ಈ ಡೈರಿ ಹೊರಗೆ ತೆಗೆದೆ. ವಾಪಸ್ ಹೋದರೆ ಯಾರೂ ಏನೂ ಅನ್ನುವುದಿಲ್ಲ. ಅದೇ ಕಷ್ಟ.

6.48

ಆಚೆ ದಡದಿಂದ ಅತ್ತೆಯ ಕೂಗು. ಹೊಲದಲ್ಲಿರುವವರನ್ನು ಊಟಕ್ಕೆ ಕರೆಯುವ ಉದ್ದನೆಯ ಕೂ. ಪಕ್ಕದ ಹುಡುಗರು ನಕ್ಕರು. ಸ್ವಲ್ಪ ಬಿಟ್ಟು ಇನ್ನೊಂದು. ಮತ್ತೊಂದು. ನಡುವಿನ ಹೊತ್ತು ಒಂದೇ ಅಳತೆ. ಎಣಿಸಿದೆ.

ಹತ್ತು ಕೈ.

ಎರಡನೇ ಬೆಲೂನು ಕಂಡಿತು. ಹರ್ಷವರ್ಧನ್ ವಿಷಲ್ ಬಾಯಿಗಿಟ್ಟಿದ್ದಾರೆ. ಮತ್ತೆ ಕೂ — ನೇರ ಮುಂದೆ, ತುಸು ಬಲಕ್ಕೆ. ಕನ್ನಡಕ ಚೀಲಕ್ಕೆ, ಪೆನ್ನು