ನಿನ್ನಜ್ಜ ಬರೆದ ಎಂಬತ್ತೆರಡು

ನನ್ನ ಬಟಾಣಿ,

ನಿನಗಿನ್ನೂ ಹೆಸರಿಟ್ಟಿಲ್ಲ. ನಿನ್ನಪ್ಪ ಓವನ್, ಹಡಗಿನ ಕೆಲಸ ಮುಗಿಸಿ ಮನೆಗೆ ಬಂದಾಗಲೆಲ್ಲ ಒಂದೊಂದು ಹೊಸ ಹೆಸರು ಹೊತ್ತು ತರುತ್ತಾನೆ, ಒಂದೂ ನನಗೆ ಹಿಡಿಸುವುದಿಲ್ಲ. ಸ್ಕ್ಯಾನಿಂಗಿನಲ್ಲಿ ಮೊದಲ ಸಲ ಕಂಡಾಗ ನೀನು ಬಟಾಣಿ ಕಾಳಿನಷ್ಟಿದ್ದೆ. ಸದ್ಯಕ್ಕೆ ಅದೇ ಇರಲಿ.

ಇವತ್ತು ಮಧ್ಯಾಹ್ನ ಡೆವನ್‌ಪೋರ್ಟಿನಲ್ಲಿ, ನನ್ನ ಗೆಳತಿ ರೂಲಾಳ ಗ್ಯಾರೇಜಿನಲ್ಲಿ, ನೀನು ನನ್ನ ಪಕ್ಕೆಲುಬಿಗೇ ಒದ್ದೆಯಲ್ಲ, ಆ ಗದ್ದಲ ಏನು ಅಂತ ನಿನಗೆ ಹೇಳಬೇಕು. ನೀನು ಹುಟ್ಟಿದ ಮೇಲೆ ಹೇಳೋಣವೆಂದರೆ ಆಗ ನನ್ನ ಸಿಟ್ಟು ಇಳಿದಿರುತ್ತದೆ. ಸಿಟ್ಟು, ಪ್ರೀತಿ ಎರಡೂ ಬಿಸಿಯಾಗಿರುವಾಗಲೇ ಬರೆದುಬಿಡುತ್ತೇನೆ.

ನಮ್ಮ ಹಳದಿ ಗಾಡಿ ನಿನಗೆ ಗೊತ್ತು. ಎರಡೇ ಸೀಟಿನ ಹಳೇ ಮಾಜ್ಡಾ ಸ್ಪೋರ್ಟ್ಸ್ ಕಾರು. ಈಗ ಸ್ಟೀರಿಂಗ್ ನನ್ನ ಹೊಟ್ಟೆಗೆ ಒತ್ತುತ್ತದೆ, ಅಂದರೆ ನಿನ್ನ ತಲೆಗೇ ಒತ್ತುತ್ತದೆ. ನಿನ್ನಜ್ಜ ಕ್ಲೆಮ್, ಅಂದರೆ ನನ್ನಪ್ಪ, ನನಗೆ ಅದನ್ನು ಕೊಟ್ಟಾಗ ನನಗೆ ಹತ್ತೊಂಬತ್ತು. ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಕೆಟಲ್ ಹಿಲ್ ಬೆಟ್ಟದ ಓಟಕ್ಕೆ ಹೋಗಿದ್ದೇನೆ. ಒಬ್ಬೊಬ್ಬರಾಗಿ ಗಾಡಿ ಬಿಟ್ಟು, ಯಾರು ಬೇಗ ತುದಿ ಮುಟ್ಟುತ್ತಾರೆ ಅಂತ ನೋಡುವ ಓಟ ಅದು. ಅಂದಿನಿಂದಲೂ ನಾನೇ ಕೊನೆ. ತಪ್ಪಿದರೆ ಕೊನೆಯಿಂದ ಎರಡನೆಯವಳು. ತಿರುವುಗಳಲ್ಲಿ ಎಲ್ಲರಷ್ಟೇ ವೇಗವಾಗಿ ಹೋಗುತ್ತಿದ್ದೆ. ನೇರ ಏರು ಬಂತೆಂದರೆ ಮುಗಿಯಿತು, ಗಾಡಿ ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಿತ್ತು.

"ಗಾಡೀದೇನೂ ತಪ್ಪಿಲ್ಲ, ಮೆರಿನ್‌ಗೆ ಕಾಲು ಒತ್ತೋಕೆ ಧೈರ್ಯ ಸಾಲಲ್ಲ" ಅಂತ ಊರವರು ಹೇಳುತ್ತಿದ್ದರು, ನನಗೆ ಕೇಳಿಸುವ ಹಾಗೆಯೇ. ಮೊದಮೊದಲು ಜಗಳ ಆಡಿದೆ. ಆಮೇಲೆ ನಾನೂ ನಂಬಿದೆ. ಕಾಲು ನೆಲ ಮುಟ್ಟುವ ತನಕ ಒತ್ತಿರುತ್ತಿದ್ದೆ, ಆದರೂ ಮನಸ್ಸು ಎಲ್ಲೋ ಹಿಂದೆ ಎಳೆಯುತ್ತಿರಬೇಕು ಅಂದುಕೊಳ್ಳುತ್ತಿದ್ದೆ. ಒಂದು ಮಾತನ್ನು ಹತ್ತು ಜನ ಹೇಳಿದರೆ ನಮ್ಮ ಕಾಲನ್ನೇ ನಾವು ನಂಬುವುದಿಲ್ಲ, ಬಟಾಣಿ.

ಈ ಬೇಸಿಗೆಯಲ್ಲಿ ಹೇಗೂ ಓಟಕ್ಕೆ ಹೋಗುವಂತಿಲ್ಲ, ನೀನಿದ್ದೀಯಲ್ಲ. ಗಾಡಿ ಸುಮ್ಮನೆ ನಿಂತಿರುವಾಗ ಇಂಜಿನ್ನಿಗೆ ಬಲ ಹೆಚ್ಚಿಸುವ ಹೊಸ ಕ್ಯಾಮ್, ಹೊಸ ಸೈಲೆನ್ಸರ್ ಹಾಕಿಸಿ ಒಂದು ಕೈ ನೋಡೋಣ, ಅದರಿಂದಲೂ ಆಗದಿದ್ದರೆ ಗಾಡಿ ಮಾರಿ ನಿನಗೊಂದು ಒಳ್ಳೆ ತಳ್ಳುಗಾಡಿ ತಗೊಂಡು ಬೆಟ್ಟಕ್ಕೆ ಶಾಶ್ವತವಾಗಿ ಕೈಮುಗಿಯೋಣ ಅಂತ ತೀರ್ಮಾನಿಸಿದ್ದೆ. ಹೊಸ ಸಾಮಾನು ಹಾಕುವ ಮುಂಚೆ ಗಾಡಿ ಇದ್ದ ಹಾಗೇ ಡೈನೋ ಮೇಲೆ ಹತ್ತಬೇಕು ಅಂತ ರೂಲಾ ಹಟ ಹಿಡಿದಳು. ಡೈನೋ ಅಂದರೆ ನೆಲದಲ್ಲಿ ಹೂತ ದಪ್ಪ ಉರುಳೆಗಳು. ಹಿಂದಿನ ಚಕ್ರ ಅವುಗಳ ಮೇಲೆ ಇಟ್ಟು, ಗಾಡಿಯನ್ನು ಪಟ್ಟಿಗಳಿಂದ ಬಿಗಿದು, ನಿಂತಲ್ಲೇ ಓಡಿಸಿ ಎಷ್ಟು ಹಾರ್ಸ್‌ಪವರ್ ಅಂತ ಅಳೆಯುತ್ತಾರೆ. "ಈಗ ಒಳಗೆ ಎಷ್ಟು ಕುದುರೆ ಇವೆ ಅಂತ ಗೊತ್ತಿಲ್ದೆ ಇನ್ನಷ್ಟು ಕುದುರೆ ತಂದು ಕಟ್ತೀಯಾ? ತಲೆ ನೆಟ್ಟಗಿದೆಯಾ ನಿಂಗೆ?" ಅಂದಳು ರೂಲಾ. ಅವಳ ಬಾಯಿಗೆ ಬ್ರೇಕಿಲ್ಲ.

ನಿನ್ನಜ್ಜನಿಗೆ ಮಾತ್ರ ಈ ಡೈನೋ ಮಾತೆತ್ತಿದರೆ ಆಗುತ್ತಿರಲಿಲ್ಲ. ಅವನು ಈ ಕರಾವಳಿಯ ಅರ್ಧದಷ್ಟು ರೇಸ್ ಗಾಡಿಗಳ ಇಂಜಿನ್ ಕಟ್ಟಿದವನು, ಬರ್ನಿ ಊರಿನಿಂದೆಲ್ಲ ಜನ ಅವನನ್ನು ಹುಡುಕಿಕೊಂಡು ಬರುತ್ತಾರೆ. ನನ್ನ ಗಾಡಿ ಅಂದರೆ ಮಾತ್ರ "ಅದಕ್ಯಾಕೆ ದಂಡ, ಬಿಡೇ" ಅಂತ ತಳ್ಳಿಹಾಕುತ್ತಿದ್ದ. ಅದಕ್ಕೇ ಅವನು ಮೀನು ಹಿಡಿಯಲು ಹೋಗುವ ದಿನ ನೋಡಿಕೊಂಡು ಬಂದಿದ್ದೆ. ಈ ಊರಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ ಹೇಳು? ಗಾಡಿಗೆ ಕೊನೆಯ ಪಟ್ಟಿ ಬಿಗಿಯುವಷ್ಟರಲ್ಲಿ, ಮೊಣಕಾಲುದ್ದದ ರಬ್ಬರ್ ಬೂಟಿನಲ್ಲೇ, ಮೀನಿನ ವಾಸನೆ ಸಮೇತ, ನಿನ್ನಜ್ಜ ಓಡಿಬಂದ.

ರೂಲಾಳ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇದೆ. ಗಾಡಿ ಓಡುವ ಮುಂಚೆ ಇದ್ದವರೆಲ್ಲ ಗೋಡೆಯ ಬಿಳಿ ಬೋರ್ಡಿನ ಮೇಲೆ ತಮ್ಮ ಅಂದಾಜು ಬರೆಯಬೇಕು. ಯಾರ ಅಂದಾಜು ಎಲ್ಲರಿಗಿಂತ ದೂರವೋ ಅವರು ಎಲ್ಲರಿಗೂ ಚಿಪ್ಪುಮೀನು ತುಂಬಿ ಬೇಯಿಸಿದ ಸ್ಕ್ಯಾಲಪ್ ಪೈ ಕೊಡಿಸಬೇಕು. ನಿನ್ನಜ್ಜ ಜನ್ಮದಲ್ಲಿ ಪೈ ಕೊಡಿಸಿದವನಲ್ಲ, ಬಿಟ್ಟಿಯಾಗಿ ತಿಂದೇ ಹೊಟ್ಟೆ ಬೆಳೆಸಿದವನು. ರೂಲಾ ನೂರಾ ಹದಿನಾಲ್ಕು ಬರೆದಳು. ನಾನು ನೂರಾ ಹನ್ನೆರಡು. "ಒಳಗಿರೋರದ್ದೂ ಬರಿಯೇ, ಅವ್ರೇನು ಪುಕ್ಸಟ್ಟೆ ನೋಡ್ತಾರಾ?" ಅಂದಳು ರೂಲಾ, ನನ್ನ ಹೊಟ್ಟೆ ತೋರಿಸಿ. ನಿನ್ನ ಹೆಸರಿನಲ್ಲಿ ಆಸೆಬುರುಕಿಯ ಹಾಗೆ ನೂರಾ ಹದಿನೆಂಟು ಬರೆದೆ.

ನಿನ್ನಜ್ಜ ಪೆನ್ನು ಹಿಡಿದು ಬೋರ್ಡಿನ ಮುಂದೆ ತುಂಬಾ ಹೊತ್ತು ನಿಂತ. ಆಮೇಲೆ ಬರೆದ: ಎಂಬತ್ತೆರಡು.

ರೂಲಾ ಬಿದ್ದು ಬಿದ್ದು ನಕ್ಕಳು. "ಏನ್ ಕ್ಲೆಮ್, ಮೀನಿನ ಬದಲು ಬಿಯರ್ ಹಿಡ್ಕೊಂಡು ಬಂದ್ಯಾ? ಇದು ಕಾರು ಕಣಯ್ಯಾ, ಹುಲ್ಲು ಕತ್ತರಿಸೋ ಮಷೀನಲ್ಲ!" ಅವನು ನಗಲಿಲ್ಲ. ನಾನು ಕಿವಿಗೆ ಮುಚ್ಚಳ ಹಾಕಿಕೊಂಡು ಗಾಜಿನ ಆಚೆ ನಿಂತೆ. ರೂಲಾ ಸೀಟಿನಲ್ಲಿ ಕೂತು ಪೆಡಲ್ ಪೂರ್ತಿ ಒತ್ತಿದಳು. ಗಾಜು ನಡುಗಿತು, ನೀನು ಒದ್ದೆ, ಪರದೆಯ ಮೇಲೆ ಗೆರೆ ಏರುತ್ತಾ ಏರುತ್ತಾ ಅರ್ಧದಾರಿಯಲ್ಲೇ ಬಾಗಿತು.

ಎಂಬತ್ತೆರಡು.

ಇನ್ನೊಂದು ಸಲ ಓಡಿಸಿದಳು. ಮತ್ತೆ ಅದೇ. "ನನ್ನ ಮಷೀನೇ ಕೆಟ್ಟಿರ್ಬೇಕು" ಅಂತ ಗೊಣಗುತ್ತಾ ಇಳಿದು ಬಾನೆಟ್ ಎತ್ತಿದಳು. "ಕ್ಲೆಮ್, ಬಂದು ಪೆಡಲ್ ಒತ್ತು. ಇಂಜಿನ್ನಿಗೆ ಗಾಳಿ ಹೋಗೋ ಬಾಯಿ ಪೂರ್ತಿ ತೆರೀತಾ ನೋಡ್ತೀನಿ."

ಅವನು ಅಲುಗಲಿಲ್ಲ. "ಒತ್ತೋದು ಬೇಡ ರೂಲಾ. ಪೆಡಲ್ ಕೆಳಗಿನ ಕಾರ್ಪೆಟ್ ಎತ್ತು" ಅಂದ.

ಅಲ್ಲಿತ್ತು ನೋಡು. ಬಾಗಿಲು ಬಡಿಯದಿರಲಿ ಅಂತ ನೆಲಕ್ಕೆ ಹಾಕುತ್ತಾರಲ್ಲ, ಅಂಥದ್ದೊಂದು ಕಪ್ಪು ರಬ್ಬರ್ ಮುದ್ದೆ. ನಿನ್ನಜ್ಜನೇ ನೀಟಾಗಿ ಬೋಲ್ಟ್ ಹಾಕಿ ಕೂರಿಸಿ, ಮೇಲೆ ಕಾರ್ಪೆಟ್ ಅಂಟಿಸಿದ್ದ. ನನ್ನ ಕಾಲು ನೆಲ ಅಂದುಕೊಳ್ಳುತ್ತಿದ್ದದ್ದು ಆ ರಬ್ಬರನ್ನು, ಪೆಡಲ್ ಪೂರ್ತಿ ಇಳಿಯುವ ಮುಂಚೆಯೇ ಅದು ತಡೆಯುತ್ತಿತ್ತು. ಇಷ್ಟು ವರ್ಷವೂ ನನ್ನ ಇಂಜಿನ್ ಪೂರ್ತಿ ಉಸಿರೆಳೆದೇ ಇರಲಿಲ್ಲ.

ಅಯ್ಯೋ, ನಾನು ಎಷ್ಟು ಕೂಗಾಡಿದೆ ಗೊತ್ತಾ! ನಿನಗೂ ಕೇಳಿಸಿರಬೇಕು. "ನಾನು ಹೆದರುಪುಕ್ಕಲಿ ಅಂತ ಊರೆಲ್ಲ ಆಡಿಕೊಳ್ಳೋವಾಗ ಪಕ್ಕದಲ್ಲೇ ನಿಂತು ಕೇಳಿಸ್ಕೊಂಡೆಯಲ್ಲಪ್ಪ! ಪ್ರತಿ ಸಲ ಸೋತು ಇಳಿದು ಬಂದಾಗ ಬೆನ್ನು ತಟ್ಟಿ ಟೀ ಕೊಡ್ತಿದ್ದೆಯಲ್ಲ, ಯಾವ ಮುಖ ಇಟ್ಕೊಂಡು ಕೊಡ್ತಿದ್ದೆ?"

ಅವನು ಬೂಟು ನೋಡುತ್ತಾ ನಿಂತಿದ್ದ. "ಈ ಗಾಡಿ ಕೊಡೋ ಮುಂಚೆ, ಮೊದಲ್ನೇ ಸಲ ನನ್ನ ಗಾಡೀಲಿ ನೀನು ಬೆಟ್ಟ ಹತ್ತಿದಾಗ ಮೂರನೇ ತಿರುವಲ್ಲಿ ಹಿಂದಿನ ಚಕ್ರ ಅಂಚಿಂದ ಆಚೆ ಹೋಯ್ತು. ನೀನು ನಗ್ತಾ ಇದ್ದೆ. ಜನ ಚಪ್ಪಾಳೆ ಹೊಡೆದ್ರು. ನಾನು ಬೇಲಿ ಹಿಂದೆ ಹೋಗಿ ವಾಂತಿ ಮಾಡ್ಕೊಂಡೆ. ನಿಮ್ಮಮ್ಮ ತೀರ್ಕೊಂಡು ಆಗಿನ್ನೂ ವರ್ಷ ತುಂಬಿರ್ಲಿಲ್ಲ ಕಣೇ. ಒಂದು ಬೇಸಿಗೆ ಮಟ್ಟಿಗೆ ಇರ್ಲಿ ಅಂತ ಇದಕ್ಕೆ ಹಾಕಿ ನಿಂಗೆ ಕೊಟ್ಟೆ. ಆಮೇಲೆ ತೆಗೆಯೋಕೆ ನಾಚಿಕೆ ಆಯ್ತು. ಪ್ರತಿ ವರ್ಷ ಇನ್ನೂ ಜಾಸ್ತಿ ಆಯ್ತು."

ಆಮೇಲೆ ರೂಲಾ ಕೇಳಿದಳು, ಅವಳ ದನಿ ಅಷ್ಟು ಮೆತ್ತಗಾದದ್ದು ನಾನು ಕೇಳಿಯೇ ಇರಲಿಲ್ಲ: "ಅಲ್ಲಾ ಕ್ಲೆಮ್, ಎಲ್ರ ಹಾಗೆ ನೂರಾ ಹತ್ತು ಅಂತ ಗೀಚಿದ್ರೆ ಆಗ್ತಿತ್ತಲ್ಲ. ಇಂಜಿನ್ ಸವೆದಿದೆ ಅಂತ ಏನೋ ಹೇಳಿ ಜಾರ್ಕೋಬಹುದಿತ್ತು."

"ಇಂಜಿನ್ ವಿಷ್ಯದಲ್ಲಿ ಸುಳ್ಳು ಬರೆಯೋಕೆ ಕೈ ಬರ್ಲಿಲ್ಲ" ಅಂದ ನಿನ್ನಜ್ಜ.

ಮಗಳ ಹತ್ತಿರ ಇಷ್ಟು ವರ್ಷ ಮುಚ್ಚಿಟ್ಟವನು ಬೋರ್ಡಿನ ಮೇಲೆ ಒಂದು ತಪ್ಪು ಸಂಖ್ಯೆ ಬರೆಯಲಾರ! ನನಗೆ ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಅಪ್ಪ ಅಂದರೆ ನನಗೆ ಪ್ರಾಣ. ಹಾಗಂತ ಅವನು ಮಾಡಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಅವನು ಕಾಪಾಡಿದ್ದು ನನ್ನನ್ನೇ, ಕದ್ದದ್ದೂ ನನ್ನಿಂದಲೇ. ಎರಡೂ ಒಂದೇ ಕೈ ಮಾಡಿದ್ದು.

ಸ್ಪ್ಯಾನರ್ ತಂದು ಅವನ ಕೈಗೇ ಕೊಟ್ಟೆ. ಬಗ್ಗಿ ಬೋಲ್ಟ್ ಬಿಚ್ಚಿದ. ಬೋಲ್ಟ್ ಬಿಗಿಯಾಗಿತ್ತು, ನಾನು ಸಹಾಯಕ್ಕೆ ಹೋಗಲಿಲ್ಲ. "ಈಗ ನೀನೇ ಕೂತು ಒತ್ತು. ಪೂರ್ತಿ ಒತ್ತು" ಅಂದೆ. ಆ ಮೀನಿನ ಬೂಟು ಕಳಚಿಟ್ಟು, ಬರೀ ಸಾಕ್ಸಿನ ಕಾಲಲ್ಲಿ ಒತ್ತಿದ. ಗಾಡಿಯಿಂದ ಬಂದ ದನಿ ನಾನು ಯಾವತ್ತೂ ಕೇಳಿರದ ದನಿ. ಗೆರೆ ಈ ಸಲ ಬಾಗಲಿಲ್ಲ.

ನೂರಾ ಹದಿನೇಳು. ನೀನು ಗೆದ್ದೆ, ಬಟಾಣಿ! ನಿನ್ನ ನೂರಾ ಹದಿನೆಂಟೇ ಎಲ್ಲರಿಗಿಂತ ಹತ್ತಿರ. ನಿನ್ನಜ್ಜನೇ ಎಲ್ಲರಿಗಿಂತ ದೂರ. ಕಣ್ಣೊರೆಸಿಕೊಂಡು, ಬೂಟು ಹಾಕಿಕೊಂಡು, ಬೇಕರಿಗೆ ಹೋಗಿ ಜೀವಮಾನದಲ್ಲಿ ಮೊದಲ ಸಲ ಎಲ್ಲರಿಗೂ ಪೈ ತಂದ. ನಿನ್ನ ಪಾಲಿನದ್ದೂ ತಂದಿದ್ದ, ಅದನ್ನೂ ನಾನೇ ತಿಂದೆ.

ಕ್ಯಾಮೂ ಬೇಡ, ಸೈಲೆನ್ಸರೂ ಬೇಡ ಅಂತ ರೂಲಾಗೆ ಹೇಳಿ ಬಂದಿದ್ದೇನೆ. ಗಾಡಿ ಮಾರುವ ಮಾತೂ ಇಲ್ಲ. ಮುಂದಿನ ಬೇಸಿಗೆಗೆ ನೀನು ಅಜ್ಜನ ತೋಳಿನಲ್ಲಿರುತ್ತೀಯ, ನಾನು ಬೆಟ್ಟ ಹತ್ತುತ್ತೇನೆ, ಗಾಡಿಗೆ ಹುಟ್ಟಿನಿಂದ ಇರುವಷ್ಟೇ ಬಲದಲ್ಲಿ. ಆಗಲೂ ಕೊನೆಗೆ ಬಂದರೆ ಬರಲಿ, ಅದು ನನ್ನದೇ ಸೋಲು. ಅಜ್ಜನಿಗೆ ವಾಂತಿ ಬಂದರೆ ನೀನು ಸ್ವಲ್ಪ ನೋಡಿಕೋ.

ಆ ರಬ್ಬರ್ ಈಗ ಮೇಜಿನ ಮೇಲೆ, ಈ ಕಾಗದದ ಪಕ್ಕದಲ್ಲೇ ಇದೆ. "ಬಿಸಾಕ್ಬಿಡೇ" ಅಂದ ಅಪ್ಪ. ನನಗೆ ಮನಸ್ಸಾಗಲಿಲ್ಲ. ಯಾಕೆ ಗೊತ್ತಾ? ನೀನು ಇನ್ನೂ ಹೊರಗೇ ಬಂದಿಲ್ಲ, ಆದರೂ ಇವತ್ತು ಮನೆಗೆ ಬರುವಾಗ ಮಂಜು ಹಿಡಿದ ರಸ್ತೆಯಲ್ಲಿ ಮುದುಕಿಯ ಹಾಗೆ ನಿಧಾನ ಬಂದೆ. ಬೇಲಿಯ ಹಿಂದೆ ನಿಲ್ಲುವುದು ಏನು ಅಂತ ನನಗೂ ಅರ್ಥವಾಗತೊಡಗಿದೆ. ಒಂದು ದಿನ ನೀನೂ ನಗುತ್ತಾ ಯಾವುದೋ ಬೆಟ್ಟ ಹತ್ತುತ್ತೀಯ. ನಾನು ಹೆದರುತ್ತೇನೆ, ಅಪ್ಪನಿಗಿಂತ ಹೆಚ್ಚೇ ಹೆದರುತ್ತೇನೆ. ಆವತ್ತು ಈ ರಬ್ಬರನ್ನು ನಿನ್ನ ಕೈಗೇ ಕೊಟ್ಟು, ನನಗೆ ಭಯವಾಗ್ತಿದೆ ಮರೀ ಅಂತ ಬಾಯಿಬಿಟ್ಟು ಹೇಳುತ್ತೇನೆ. ಹಾಕಿಕೊಳ್ಳುವುದು, ಬಿಡುವುದು ನಿನಗೆ ಸೇರಿದ್ದು. ನಿನಗೆ ಗೊತ್ತಿಲ್ಲದ ಹಾಗೆ ನಿನ್ನ ಕಾಲ ಕೆಳಗೆ ನಾನು ಏನನ್ನೂ ಇಡುವುದಿಲ್ಲ.

ಸುಖವಾಗಿ ಬಾ, ಕಂದಾ. ಬಂದಕೂಡಲೇ ಎದೆತುಂಬ ಉಸಿರೆಳೆದು ಜೋರಾಗಿ ಅಳು. ಪೂರ್ತಿ ಉಸಿರು ನಿನ್ನದಾಗಲಿ.

ನೀನು ಒದ್ದ ಪಕ್ಕೆಯನ್ನು ನೀವಿಕೊಳ್ಳುತ್ತಾ,
ನಿನ್ನ ಅಮ್ಮ
ಮೆರಿನ್