ಮುಚ್ಚಿದ ಕಣಿವೆಯ ನೀಲಿ ಚಿಟ್ಟೆ

ಸಂತ ಕ್ಯಾಥರೀನ್, ಸಿನಾಯ್ ಬೆಟ್ಟ
ಜೂನ್ ೧೧, ಮಂಗಳವಾರ

ಫ್ರೇಜಾಳ ಅಪ್ಪನಿಗೆ ಸಬೀಹಾಳ ಸಲಾಮು.

ಮೈ ಹೇಗಿದೆ? ಸಮುದ್ರದ ಗಾಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ನೀವು ದುಡಿಯುವ ಹೋಟೆಲಿನವರು ಕೊಡುವ ತಣ್ಣೀರು ಕುಡಿಯಬೇಡಿ. ಇಲ್ಲಿ ಫ್ರೇಜಾಳಿಗೆ ಮುಂದಿನ ಹಲ್ಲು ಬಿದ್ದಿದೆ, ಬಾದಾಮಿ ಮರ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟಿದೆ. ಕ್ಷೇಮ ಸಮಾಚಾರ ಇಷ್ಟೇ. ಇನ್ನು ನನ್ನ ಹೊಟ್ಟೆಯ ಉರಿ ಕೇಳಿ.

ಚಹಾಕ್ಕೆ ಹಾಕುವ ಝಾತರ್ ಸೊಪ್ಪಿನ ಗಿಡ ಹೂಬಿಟ್ಟು ಬೀಜ ಉದುರುವ ತನಕ ಯಾರ ಮೇಕೆಯೂ ಹತ್ತಕೂಡದೆಂದು ಮೇಲಿನ ಕಣಿವೆಯನ್ನು ಮುಚ್ಚಿದೆವಲ್ಲ, ಆ ಒಪ್ಪಂದಕ್ಕೆ ಹಿರಿಯರ ಮುಂದೆ ಮುಖ ಕೊಟ್ಟು ಜಾಮೀನು ನಿಂತವರು ನೀವು. ನಾವು ಹೆಂಗಸರು ಅದನ್ನು ಚಾಚೂ ತಪ್ಪದೆ ನಡೆಸಿದೆವು. ಮೇಕೆಗಳು ಬೆಟ್ಟದ ಕಡೆ ನೋಡಿ ಅರಚಿದರೂ ಒಣ ಬಾರ್ಲಿ ಹಾಕಿ ಕಟ್ಟಿಹಾಕಿದೆ. ಕರಿ ಮೇಕೆಯ ಹಾಲು ಬತ್ತಿತು, ಸಹಿಸಿಕೊಂಡೆ. ಎಲ್ಲವೂ ಉಗುರಿನಷ್ಟಗಲದ ಆ ನೀಲಿ ಚಿಟ್ಟೆಗಾಗಿ. ಕೆಳಗಿನ ಬಯಲಿನ ಚಿಟ್ಟೆಗಳಿಗೆ ದಾಯಾದಿಯಾದರೂ ಇದರ ಬಳಗವೇ ಬೇರೆ. ನಮ್ಮ ಬೆಟ್ಟ ಬಿಟ್ಟರೆ ಲೋಕದಲ್ಲಿ ಇದಕ್ಕೆ ಮನೆಯಿಲ್ಲ. ಝಾತರಿನ ಮೊಗ್ಗಿನ ಮೇಲೆ ಮೊಟ್ಟೆಯಿಡುತ್ತದೆ, ಹುಳು ಆ ಹೂವಲ್ಲದೆ ಬೇರೇನನ್ನೂ ಮುಟ್ಟದು, ಸುತ್ತ ಇರುವೆಗಳು ಕಾವಲಿರುತ್ತವೆ. ಇರುವೆಗಿರುವ ನಿಯತ್ತು ನಿಮ್ಮ ತಮ್ಮನಿಗಿಲ್ಲ.

ಹೌದು, ನಿಮ್ಮ ಮುದ್ದಿನ ತಮ್ಮ ಔದಾನೇ. ಕತ್ತೆಗಳನ್ನು ಹೊಡೆದುಕೊಂಡು ಹೋಗಿ, ಅರಳುತ್ತಿದ್ದ ಗಿಡಗಳನ್ನು ಬೇರುಸಹಿತ ಕಿತ್ತು, ಪೇಟೆಯ ಚಹಾ ವ್ಯಾಪಾರಿಗೆಂದು ಮೂಟೆ ಕಟ್ಟಿ ತಂದಿದ್ದಾನೆ. ಮೂಟೆ ಬಿಚ್ಚಿ ನೋಡಿದೆ, ಹುಳುಗಳು ಹೂವಿಗೆ ಅಂಟಿಕೊಂಡೇ ಸತ್ತಿದ್ದವು. ಬಾವಿಯ ಬಳಿ ಅಡ್ಡಗಟ್ಟಿ ಕೇಳಿದರೆ ಹಲ್ಲು ಕಿರಿಯುತ್ತಾನೆ.

"ಮೇಕೆ ಮೇಯ್ಬಾರ್ದು ಅಂತ ತಾನೆ ಅತ್ತಿಗೆ ಮಾತಾಗಿದ್ದು? ನಾನೇನು ಮೇಕೇನಾ?"

"ಮೇಕೆ ಎಷ್ಟೋ ವಾಸಿ ಕಣಪ್ಪಾ, ಅದು ಬೇರಾದ್ರೂ ಬಿಡುತ್ತೆ" ಎಂದೆ. ಅದಕ್ಕವನು, ನಿನ್ನ ಚಿಟ್ಟೆ ಎಷ್ಟು ಹಾಲು ಕೊಡುತ್ತೆ ಎಂದು ಕೇಳಿ ಕತ್ತೆ ಹೊಡೆದುಕೊಂಡು ಹೋದ. ನಿಮ್ಮ ತಾಯಿಯೋ, ಮನೆಯ ಹುಡುಗ, ಹೋಗಲಿ ಬಿಡು ಎನ್ನುತ್ತಾರೆ. ಹೇಗೆ ಬಿಡಲಿ? ನೆರೆಯ ಹೆಂಗಸರು ಈಗಾಗಲೇ ಗೊಣಗುತ್ತಿದ್ದಾರೆ, ಜಾಮೀನುದಾರನ ತಮ್ಮನಿಗಿಲ್ಲದ ಕಟ್ಟಳೆ ನಮ್ಮ ಮೇಕೆಗಳಿಗೇಕೆ ಎಂದು. ಅವು ಒಮ್ಮೆ ಮೇಲೆ ಹತ್ತಿದರೆ ಉಳಿದ ಗಿಡವೂ ಇಲ್ಲ, ಚಿಟ್ಟೆಯೂ ಇಲ್ಲ.

ದೂರು ಒಯ್ದರೆ ಕುಲದ ಶೇಖ್ ಒಂದೇ ಮಾತು ಹೇಳಿದರು: "ಮುಖ ಕೊಟ್ಟೋನೇ ಬಂದು ನ್ಯಾಯ ಕೇಳ್ಬೇಕಮ್ಮಾ, ನಾವು ಕೇಳೋ ಹಾಗಿಲ್ಲ." ಅದನ್ನು ಲಾರಿಯವನ ಕೈಲಿ ಹೇಳಿ ಕಳಿಸಿದರೆ, ಒಡಹುಟ್ಟಿದವನ ಮೇಲೆ ಹೇಗೆ ನ್ಯಾಯಕ್ಕೆ ಹೋಗಲಿ ಎಂದು ಉತ್ತರ ಕಳಿಸಿದ್ದೀರಿ. ನಾಚಿಕೆಯಾಯಿತು ನನಗೆ. ಅಂದು ಸಭೆಯಲ್ಲಿ ಎದೆಯುಬ್ಬಿಸಿ ನಿಂತಾಗ ನಿಮಗೊಬ್ಬ ತಮ್ಮನಿರುವುದು ಮರೆತಿತ್ತೇ? ಈ ಶುಕ್ರವಾರ ನಮಾಜಿನ ಬಳಿಕ ಹಿರಿಯರು ನ್ಯಾಯಕ್ಕೆ ಕೂರುತ್ತಾರೆ.

ದೇವರು ನಿಮಗೆ ಆರೋಗ್ಯ ಕೊಡಲಿ, ಜೊತೆಗೆ ಒಂದಿಷ್ಟು ಧೈರ್ಯವನ್ನೂ.

ನಿಮ್ಮ
ಸಬೀಹಾ

ಮರೆತ ಮಾತು: ಲಾರಿ ಹೊರಟು ನಿಂತಿದೆ. ಜಾಮೀನು ನಿಂತವನು ನ್ಯಾಯಕ್ಕೆ ಬಾರದಿದ್ದರೆ ಮಾತಿಗೆ ತಪ್ಪಿದವನೆಂದು ಅವನ ಹೆಸರು ಹೇಳಿ ದಾರಿಯ ಕಲ್ಲಿಗೆ ಕಪ್ಪು ಬಟ್ಟೆ ಕಟ್ಟುತ್ತಾರಲ್ಲ, ಆ ಬಟ್ಟೆ ಕೇಳಿಕೊಂಡು ಶೇಖ್ ಕಡೆಯವರು ಮನೆಮನೆಗೆ ಬಂದಿದ್ದರು. ನಿಮ್ಮ ಮೇಲಿನ ಗೌರವಕ್ಕೆ ಯಾರೂ ಕೊಡಲಿಲ್ಲ. ನಾನು ನನ್ನ ಕಪ್ಪು ಮುಸುಕನ್ನು ಹರಿದು ಕೊಟ್ಟಿದ್ದೇನೆ.