ನಲವತ್ತೊಂದನೆಯ ಪುಟ

ಫೆಬ್ರವರಿ 3, ಸೋಮವಾರ

ಕಾರ್ಖಾನೆಯ ಪ್ರಶಸ್ತಿಗಳ ನಾಮಿನೇಷನ್ನಿಗೆ ಕೊನೆಯ ದಿನ. ಒಂಬತ್ತು ಫಾರಂ ಬಂದಿವೆ. ನಾಲ್ಕಕ್ಕೆ ಕರೆಂಟ್ ತೆಗೆಯುತ್ತಾರೆಂದು ನೋಟಿಸು. ಜೆರಾಕ್ಸ್ ಯಂತ್ರಕ್ಕೂ ಇವತ್ತೇ ಅಜೀರ್ಣ — ಎರಡು ಹಾಳೆ ನುಂಗಿ ಒಂದು ಕೊಡುತ್ತದೆ. ಒಂದೊಂದು ಫಾರಮ್ಮಿಗೂ ಅವರವರ ಸರ್ವಿಸ್ ಫೈಲಿನ ಮೊದಲ ಪುಟದ ನಕಲು ಲಗತ್ತಿಸಬೇಕು, ಕೆಳಗೆ ‘ಲಗತ್ತಿಸಿದವರು’ ಎಂದು ನನ್ನ ಸಹಿ. ಕಮಿಟಿಯ ಐದು ಜನಕ್ಕೆ ಐದು ಪ್ರತಿ, ಒಂದು ಫೈಲಿಗೆ, ಪುಟ ಸಂಖ್ಯೆ ಹಾಕಿ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಕೈ ತಾನಾಗಿ ಮಾಡುತ್ತದೆ, ತಲೆ ಬೇಕಾಗಿಲ್ಲ. 3.40ಕ್ಕೆ ಲಕೋಟೆ ಅಂಟಿಸಿ ಕಳಿಸಿದೆ.

ಒಂಬತ್ತರಲ್ಲಿ ಒಂದು ನಾನೇ ಬರೆದದ್ದು. ಇಷ್ಟು ವರ್ಷ ಬೇರೆಯವರು ಸೂಚಿಸಿದ್ದಕ್ಕೆ ಪಿನ್ನು ಹೊಡೆದದ್ದೇ ಬಂತು. ಈ ಸಲ ‘ವರ್ಷದ ಮಹಿಳಾ ಉದ್ಯೋಗಿ’ಗೆ ಡಾಕ್ಟರಮ್ಮನ ಹೆಸರು ಕೊಟ್ಟೆ. ನಿಜವಾದ ಡಾಕ್ಟರಲ್ಲ, ಪಂಪ್ ಟೆಸ್ಟಿಂಗಿನವಳು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಮೋಟಾರಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಾಳೆ. ಅದಕ್ಕೇ ಆ ಹೆಸರು. ನವೆಂಬರಿನಲ್ಲಿ ಒಂದು ಆಸ್ಪತ್ರೆಗೆ ಹೊರಟಿದ್ದ ನಲವತ್ತು ಪಂಪನ್ನು ಮೀಟರು ಪಾಸ್ ಮಾಡಿತ್ತು, ಇವಳು ಮಾಡಲಿಲ್ಲ. ಬಿಚ್ಚಿ ನೋಡಿದರೆ ಬೇರಿಂಗ್ ಸೀಳು ಬಿಟ್ಟಿತ್ತು. ಅದನ್ನೇ ಪುಟ ತುಂಬ ಬರೆದೆ. ಸೂಚಿಸಿದವರ ಹೆಸರು ಗುಟ್ಟು. ಅವಳಿಗೂ ಹೇಳಿಲ್ಲ. ಗೆದ್ದ ಮೇಲೆ ಹೇಳಿ, ಸಿಹಿ ಕೊಡಿಸು ಅಂತ ಸತಾಯಿಸಬೇಕು.

ಫೆಬ್ರವರಿ 5, ಬುಧವಾರ

ಬೆಳಿಗ್ಗೆ ಮ್ಯಾನೇಜರ್ ಕರೆದರು. ಮೇಜಿನ ಮೇಲೆ ಡಾಕ್ಟರಮ್ಮನ ಫಾರಂ. ಅದರ ಹಿಂದೆ ನಾನು ಲಗತ್ತಿಸಿದ ಮೊದಲ ಪುಟ. ಹಳೆಯ ಹೆಸರು. ತೆಳು ಮೀಸೆಯ ಸಣ್ಣ ಫೋಟೊ. ಲಿಂಗ ಎಂಬಲ್ಲಿ — ಪುರುಷ.

ನಿಮಗೆ ಇದು ಮೊದಲೇ ಗೊತ್ತಿತ್ತಾ ಎಂದು ಕೇಳಿದರು.

ಗೊತ್ತಿತ್ತು. ಏಳು ವರ್ಷದಿಂದ ಗೊತ್ತಿತ್ತು. ಹಳೆಯ ಬ್ರಾಂಚಿನಿಂದ ವರ್ಗವಾಗಿ ಬಂದಾಗ ಅವಳಿಗಿಂತ ಮೊದಲು ಅವಳ ಫೈಲು ಬಂತು. ಹೆಸರು ಬದಲಾದದ್ದು, ಕೋರ್ಟಿನ ಕಾಗದ, ಎಲ್ಲ ಒಂಬತ್ತನೆಯ ಪುಟದಲ್ಲಿ ಕ್ರಮವಾಗಿದೆ. ಆದರೆ ಮೊದಲ ಪುಟ ತೆಗೆಯುವ ಹಾಗಿಲ್ಲ. ಅದಕ್ಕೇ ಅದರ ಮೇಲೊಂದು ಖಾಕಿ ಹಾಳೆ ಪಿನ್ ಮಾಡಿಟ್ಟಿದ್ದೆ, ಯಾರು ಫೈಲು ತೆರೆದರೂ ಕಾಣಬಾರದೆಂದು. ಬಂದ ಎರಡನೇ ತಿಂಗಳು ಅವಳೇ ಕೇಳಿದಳು, ನನ್ನ ಫೈಲ್ ನೋಡಿದೀಯಲ್ಲ? ನೋಡಿದೀನಿ, ಊಟಕ್ಕೆ ಬಾ, ಎಂದೆ. ಆ ಮಾತು ಅಲ್ಲಿಗೇ ಮುಗಿದಿತ್ತು.

ಸೋಮವಾರ ಒಂಬತ್ತು ಫೈಲು ತೆರೆದೆ. ಖಾಕಿ ಹಾಳೆ ಪಿನ್ನಿನಿಂದ ಬಿಡಿಸಿದ್ದೂ ನಾನೇ, ಜೆರಾಕ್ಸಿನ ಗಾಜಿನ ಮೇಲೆ ಪುಟ ಬೋರಲು ಹಾಕಿದ್ದೂ ನಾನೇ, ತಿರುಗಿ ಖಾಕಿ ಹಾಳೆ ಪಿನ್ ಮಾಡಿದ್ದೂ ನಾನೇ. ಮತ್ತೆ ಪಿನ್ ಮಾಡುವಾಗಲೂ ಹೊಳೆಯಲಿಲ್ಲ. ಕರೆಂಟ್ ಹೋಗುತ್ತದೆ ಅನ್ನುವುದೊಂದೇ ತಲೆಯಲ್ಲಿ.

ಲಕೋಟೆ ವಾಪಸ್ ಕೊಡಿ, ಒಂಬತ್ತನೆಯ ಪುಟ ಲಗತ್ತಿಸಿ ಕೊಡುತ್ತೇನೆ ಎಂದೆ. ಐದು ಜನರೂ ಓದಿಯಾಗಿದೆ ಎಂದರು.

ಫೆಬ್ರವರಿ 6, ಗುರುವಾರ

ಹನ್ನೊಂದರ ಚಹಾದ ಹೊತ್ತಿಗೆ ಇಡೀ ಶೆಡ್ಡಿಗೆ ಗೊತ್ತು. ಕ್ಯಾಂಟೀನಿನಲ್ಲಿ ನಾನು ಹೋದರೆ ಮಾತು ನಿಲ್ಲುತ್ತದೆ. ಮಧ್ಯಾಹ್ನ ಅವಳು ಊಟಕ್ಕೆ ಬರಲಿಲ್ಲ. ಅವಳ ಡಬ್ಬಿಯ ಜಾಗ ಖಾಲಿ ಬಿಟ್ಟು ತಿಂದೆ.

ಫೆಬ್ರವರಿ 10, ಸೋಮವಾರ

ಕಮಿಟಿ ಮೀಟಿಂಗು, ಎರಡೂವರೆ ಗಂಟೆ. ನಾನು ನಡಾವಳಿ ಬರೆಯುವವಳು. ಬಾಯಿ ತೆರೆಯುವ ಹಾಗಿಲ್ಲ. ನಿಯಮದಲ್ಲಿ ‘ಮಹಿಳಾ ಉದ್ಯೋಗಿ’ ಅಂತ ಇದೆ, ಯಾರು ಮಹಿಳೆ ಅಂತ ಬರೆದಿಲ್ಲ — ಬರೆಯಬೇಕಾಗುತ್ತದೆಂದು ಯಾರಿಗೂ ಅನ್ನಿಸಿರಲಿಲ್ಲ. ಕೋರ್ಟೇ ಒಪ್ಪಿದೆಯಲ್ಲ ಎಂದರು ಒಬ್ಬರು. ಕೋರ್ಟು ಬಂದು ವೇದಿಕೆ ಮೇಲೆ ಕೂರುತ್ತಾ ಎಂದರು ಇನ್ನೊಬ್ಬರು. ಮ್ಯಾನೇಜರ್ ಎರಡು ಕಡೆಗೂ ತಲೆಯಾಡಿಸಿದರು. ಅವರ ಕುತ್ತಿಗೆಗೆ ಬೇರಿಂಗ್ ಚೆನ್ನಾಗಿ ಹಾಕಿದ್ದಾರೆ.

ಕೊನೆಗೆ ದೊಡ್ಡಕ್ಕನನ್ನು ಕರೆಸಿದರು. ವೈಂಡಿಂಗ್ ಸೆಕ್ಷನ್ನಿನ ಹಿರಿಯರು, ಮೂವತ್ತೊಂದು ವರ್ಷ ತಾಮ್ರದ ತಂತಿ ಸುತ್ತಿದ ಕೈ. ಜೂನಿನಲ್ಲಿ ನಿವೃತ್ತಿ. ಈ ಪ್ರಶಸ್ತಿ ಹುಟ್ಟಿದ್ದೇ ಅವರಿಂದ — ಹನ್ನೊಂದು ವರ್ಷದ ಹಿಂದೆ ಎರಡು ದಿನ ಡೈರೆಕ್ಟರ ಬಾಗಿಲಲ್ಲಿ ಕೂತು ಮಾಡಿಸಿದ್ದು. ಮೂರು ಸಲ ಅವರ ಹೆಸರು ಬಂದು ತಪ್ಪಿದೆ. ಈ ಸಲವೂ ಅವರ ಫಾರಂ ಇದೆ, ಇದೇ ಕೊನೆಯದು.

ದೊಡ್ಡಕ್ಕ ಕೂರಲಿಲ್ಲ, ನಿಂತೇ ಮಾತಾಡಿದರು.

“ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಕೆಲಸಕ್ಕೆ ನಾನೂ ಕೈ ಮುಗೀತೀನಿ. ಆದ್ರೆ ನಾನು ಬಸುರಿ ಆದಾಗ ರಜ ಹಾಕಿದ್ದನ್ನೇ ಹಿಡ್ಕೊಂಡು ಬೆಸ್ಟ್ ವರ್ಕರ್ ತಪ್ಪಿಸಿದ್ರಿ. ಎರಡು ಸಲ. ಆ ನಷ್ಟಕ್ಕೆ ಅಂತ ಜಗಳ ಆಡಿ ತಂದಿದ್ದು ಇದು. ಅವಳಿಗೆ ಆ ನಷ್ಟ ಇತ್ತಾ? ಅಷ್ಟು ಹೇಳಿ, ನಾನು ಸುಮ್ಮನಾಗ್ತೀನಿ.”

ಒಂದು ನಿಮಿಷ ನನಗೂ ಅವರ ಮಾತು ಸರಿ ಅನ್ನಿಸಿತು, ಸುಳ್ಳೇಕೆ ಬರೆಯಲಿ. ಆಮೇಲೆ ನೆನಪಾಯಿತು, ನನಗೂ ಮಕ್ಕಳಿಲ್ಲ, ಹಾಗಾದರೆ ನಾನು? ಡಾಕ್ಟರಮ್ಮನ ನಷ್ಟವೂ ನೆನಪಾಯಿತು. ಹಳೆಯ ಬ್ರಾಂಚಿನಲ್ಲಿ ಅವಳ ಕುರ್ಚಿಗೆ ದಿನಾ ಗ್ರೀಸ್ ಬಳಿಯುತ್ತಿದ್ದರು, ಮೂರು ವರ್ಷ ಬಡ್ತಿ ಇರಲಿಲ್ಲ. ಅದೂ ಅದೇ ಫೈಲಿನಲ್ಲಿದೆ, ಹದಿನಾಲ್ಕನೆಯ ಪುಟ. ಅದನ್ನು ಯಾರೂ ಜೆರಾಕ್ಸ್ ಕೇಳುವುದಿಲ್ಲ. ಬಾಯಿ ಮುಚ್ಚಿಕೊಂಡು ನಡಾವಳಿ ಬರೆದೆ.

ಫೆಬ್ರವರಿ 12, ಬುಧವಾರ

ಅವಳೇ ನನ್ನ ಕೋಣೆಗೆ ಬಂದಳು. ಬಾಗಿಲು ಹಾಕಿ, ಕಬೋರ್ಡಿಗೆ ಒರಗಿ ನೆಲದ ಮೇಲೆ ಕೂತಳು. ಹೇಳಿಬಿಡಬೇಕು ಎಂದು ನಾಲಿಗೆ ತುದಿಗೆ ತಂದುಕೊಂಡೆ. ಅಷ್ಟರಲ್ಲಿ ಅವಳೇ ಶುರು ಮಾಡಿದಳು.

“ಆ ಪುಟಾನ ಹಳೇ ಬ್ರಾಂಚಿನವ್ರೇ ಯಾರೋ ಕಳಿಸಿರ್ಬೇಕು. ನಿನ್ನ ಕಬೋರ್ಡಿಂದಂತೂ ಹೋಗಿರಲ್ಲ ಬಿಡು.”

ನಾನು ಮೇಜಿನ ಮೇಲಿನ ಪಿನ್ನುಗಳನ್ನು ಡಬ್ಬಿಗೆ ತುಂಬತೊಡಗಿದೆ.

“ನಾನು ಪ್ರಶಸ್ತಿ ಕೇಳಿದ್ನಾ? ಯಾರೋ ಪುಣ್ಯಾತ್ಮರು ಹೆಸರು ಕೊಟ್ಟಿದಾರೆ. ಒಳ್ಳೇದು ಮಾಡೋಕೆ ಹೋಗಿರ್ತಾರೆ, ಪಾಪ. ಏಳು ವರ್ಷ ಇಲ್ಲಿ ನನ್ನನ್ನ ಯಾರೂ ತಿರುಗಿ ನೋಡ್ತಿರ್ಲಿಲ್ಲ. ಎಷ್ಟು ಸುಖವಾಗಿತ್ತು ಗೊತ್ತಾ ನಿಂಗೆ?”

ಎದ್ದು ಹೋಗುವಾಗ ನನ್ನ ಭುಜ ತಟ್ಟಿದಳು. ಅವಳು ನನಗೆ ಸಮಾಧಾನ ಹೇಳಿದಳು. ನಾನು ಎಂಥ ಹೇಡಿ.

ಫೆಬ್ರವರಿ 14, ಶುಕ್ರವಾರ

ಒಂದೇ ದಿನ ಎರಡು ನೋಟಿಸು. ಎರಡನ್ನೂ ಟೈಪ್ ಮಾಡಿದ್ದು ನಾನು. ಒಂದು, ಮಹಿಳಾ ಪ್ರಶಸ್ತಿಯ ಬಗ್ಗೆ ಕ್ಯಾಂಟೀನಿನಲ್ಲಿ ಅಭಿಪ್ರಾಯ ಪೆಟ್ಟಿಗೆ ಇಡಲಾಗಿದೆ, ಹೆಸರು ಬರೆಯಬೇಕಾಗಿಲ್ಲ. ಇನ್ನೊಂದು ಅವಳೊಬ್ಬಳಿಗೇ — ‘ವಿಷಯ ಇತ್ಯರ್ಥವಾಗುವವರೆಗೆ’ ಮಹಿಳೆಯರ ಬಟ್ಟೆ ಬದಲಿಸುವ ಕೋಣೆಯ ಬದಲು ಸೆಕ್ಯುರಿಟಿ ಕೋಣೆ ಬಳಸಬೇಕು. ಏಳು ವರ್ಷ ಅದೇ ಕೋಣೆಯಲ್ಲಿ ಬಟ್ಟೆ ಬದಲಿಸಿದವಳು. ಅವಳ ಲಾಕರಿನ ಬಾಗಿಲು ಹಿಡಿಯುತ್ತದೆ ಅಂತ ಪಕ್ಕದ ಲಾಕರಿನವಳು ಗುದ್ದಿ ತೆರೆದುಕೊಡುತ್ತಿದ್ದಳು. ಮ್ಯಾನೇಜರಿಗೆ ಇದು ಬೇಡ ಸಾರ್ ಎಂದೆ. ನಿಮ್ಮ ಕಳಕಳಿ ನನಗೆ ಅರ್ಥವಾಗುತ್ತದೆ ಎಂದು, ಅಲ್ಪವಿರಾಮ ಒಂದು ತಪ್ಪಿದೆ, ಸರಿಮಾಡಿ ಎಂದರು.

ಫೆಬ್ರವರಿ 21, ಶುಕ್ರವಾರ

ಪೆಟ್ಟಿಗೆ ತೆರೆದೆ. ಅರವತ್ತಮೂರು ಚೀಟಿ. ಕೊಡಲಿ — ಇಪ್ಪತ್ತನಾಲ್ಕು. ಬೇಡ — ಇಪ್ಪತ್ತಾರು. ಐದರಲ್ಲಿ ಬರೆದದ್ದನ್ನು ಇಲ್ಲಿ ಬರೆಯಲು ಕೈ ಬರುವುದಿಲ್ಲ. ಮೂರರಲ್ಲಿ ಬರೀ ಚಿತ್ರ. ನಾಲ್ಕು ಜನ ಕ್ಯಾಂಟೀನಿನ ನಲ್ಲಿ ಸೋರುವುದನ್ನು ಯಾವಾಗ ರಿಪೇರಿ ಮಾಡಿಸುತ್ತೀರಿ ಎಂದು ಕೇಳಿದ್ದಾರೆ. ಕೊನೆಯ ಚೀಟಿ ದುಂಡನೆಯ ಅಕ್ಷರದಲ್ಲಿ: ‘ನಾನು ಜೋಡಿಸಿದ ಪಂಪಿನ ತಪ್ಪು ಹಿಡಿದು, ಯಾರಿಗೂ ಹೇಳದೆ ನನ್ನ ಕೈಲೇ ಸರಿ ಮಾಡಿಸಿದ್ರು. ಉಳಿದಿದ್ದು ನಂಗೊತ್ತಿಲ್ಲ.’

ಆ ಚೀಟಿ ಜೇಬಿಗೆ ಹಾಕಿಕೊಂಡೆ. ಲೆಕ್ಕಕ್ಕೆ ಅರವತ್ತೆರಡು ಕೊಟ್ಟೆ. ಇಷ್ಟೇ ನನ್ನ ಶೌರ್ಯ.

ಅವಳು ಈಗ ಮನೆಯಿಂದಲೇ ಯೂನಿಫಾರ್ಮ್ ಹಾಕಿಕೊಂಡು ಬರುತ್ತಾಳೆ. ಬಸ್ಸಿನಲ್ಲಿ, ಗ್ರೀಸಿನ ಕಲೆಯ ಸಮೇತ.

ಮಾರ್ಚ್ 8, ಶನಿವಾರ

ಸಮಾರಂಭ. ಮಹಿಳಾ ಪ್ರಶಸ್ತಿ ‘ನಿಯಮ ಪರಿಷ್ಕರಣೆಯಾಗುವವರೆಗೆ’ ಈ ವರ್ಷ ಯಾರಿಗೂ ಇಲ್ಲ. ಬೆಸ್ಟ್ ವರ್ಕರ್ ಮಾತ್ರ ಎಂದಿನಂತೆ, ಕಾಸ್ಟಿಂಗ್ ಸೆಕ್ಷನ್ನಿನ ಒಬ್ಬ ಮಹಾಶಯರಿಗೆ. ಒಳ್ಳೆಯವರೇ. ಭಾಷಣದಲ್ಲಿ ಮಹಿಳೆಯರ ತ್ಯಾಗದ ಬಗ್ಗೆ ಹತ್ತು ನಿಮಿಷ ಮಾತಾಡಿದರು.

ಡಾಕ್ಟರಮ್ಮ ರಜ. ದೊಡ್ಡಕ್ಕ ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದರು, ಇಸ್ತ್ರಿ ಮಾಡಿದ ಹೊಸ ಸೀರೆ.

“ನಂಗೂ ಇಲ್ಲ, ಅವಳಿಗೂ ಇಲ್ಲ,” ಎಂದರು, ಮುಂದೆ ನೋಡುತ್ತಲೇ. “ನಾನು ಕೇಳಿದ್ದು ಇದನ್ನಲ್ಲ.”

ಅವರ ಕೈ ಹಿಡಿದುಕೊಂಡೆ. ಬೆರಳ ತುದಿಗಳೆಲ್ಲ ತಂತಿ ಸುತ್ತಿ ಸುತ್ತಿ ಜಡ್ಡುಗಟ್ಟಿವೆ. ಅವರೂ ಬಿಡಿಸಿಕೊಳ್ಳಲಿಲ್ಲ.

ಮಾರ್ಚ್ 17, ಸೋಮವಾರ

ಡಾಕ್ಟರಮ್ಮನ ರಾಜೀನಾಮೆ. ಎರಡು ಸಾಲು. ಕಾರಣ — ವೈಯಕ್ತಿಕ. ಇದೇ 31ಕ್ಕೆ ಕೊನೆ. ಮ್ಯಾನೇಜರ್ ಒಂದು ಗಂಟೆಯೊಳಗೆ ಅಂಗೀಕರಿಸಿದರು. ಕ್ಯಾಂಟೀನಿನ ನಲ್ಲಿಗೆ ಎರಡು ವರ್ಷ ಬೇಕು.

ಫೈಲಿಗೆ ಸೇರಿಸಿದೆ. ಪುಟ 42. ಸಂಖ್ಯೆ ಬರೆಯುವಾಗ ಅದರ ಹಿಂದಿನದು ಕಣ್ಣಿಗೆ ಬಿತ್ತು. ಪುಟ 41 — ನಾಮಿನೇಷನ್ನಿನ ಪ್ರತಿ. ‘ಸೂಚಿಸಿದವರು’ ನಾನು. ‘ಲಗತ್ತಿಸಿದವರು’ ನಾನು. ಎರಡು ಸಹಿ, ಒಂದರ ಕೆಳಗೊಂದು.

ಕೆಲಸ ಬಿಡುವವರು ಕೊನೆಯ ದಿನ ನನ್ನೆದುರು ಕೂತು, ಫೈಲಿನ ಒಂದೊಂದು ಪುಟವನ್ನೂ ನೋಡಿ, ಅಡಿಯಲ್ಲಿ ಸಹಿ ಮಾಡಬೇಕು. ಯಾರದೋ ಪಿಂಚಣಿ ಹಾಳೆ ಕಳೆದು ರಂಪವಾದಾಗ ಈ ನಿಯಮ ತಂದವಳೂ ನಾನೇ. ಆಗ ಚಪ್ಪಾಳೆ ತಟ್ಟಿದ್ದರು.

ಮಾರ್ಚ್ 20, ಗುರುವಾರ

ಯಜಮಾನರಿಗೆ ಹೇಳಿದೆ, ಎಲ್ಲ. ಒಂದು ಹಾಳೆಗೆ ಇಷ್ಟು ರಾಮಾಯಣವಾ, ಹರಿದು ಹಾಕು ಎಂದರು. ಸಂಖ್ಯೆ ತಪ್ಪುತ್ತದೆ ಎಂದೆ. ರಾಜೀನಾಮೆಯನ್ನೇ 41 ಮಾಡು ಎಂದರು. ಆಮೇಲೆ ನನ್ನ ಮುಖ ನೋಡಿ, ತಾವೇ ಎದ್ದು ಚಹಾ ಮಾಡಿದರು.

ಇವತ್ತು ಆ ಪುಟದ ಮೂಲೆ ಹಿಡಿದು ಎಳೆಯಲು ನೋಡಿದೆ. ಆಗಲಿಲ್ಲ. ಅವಳ ಬಗ್ಗೆ ಒಳ್ಳೆಯ ಮಾತು ಅಂತ ಆ ಫೈಲಿನಲ್ಲಿ ಇರುವುದು ಅದೊಂದೇ ಪುಟ.

ಮಾರ್ಚ್ 25, ಮಂಗಳವಾರ

ಹೇಳಲು ಹೋದೆ, ಟೆಸ್ಟಿಂಗ್ ಶೆಡ್ಡಿಗೆ. ಸ್ಕ್ರೂಡ್ರೈವರ್ ಕಿವಿಗಿಟ್ಟು ಕಣ್ಣು ಮುಚ್ಚಿದ್ದಳು. ಕಾದೆ. ಕಣ್ಣು ಬಿಟ್ಟು ನಕ್ಕಳು. ಊಟ ಆಯ್ತಾ ಎಂದು ಕೇಳಿ ಬಂದುಬಿಟ್ಟೆ.

ಮಾರ್ಚ್ 28, ಶುಕ್ರವಾರ

ಮತ್ತೆ ಹೋದೆ. ಮತ್ತೆ ಅದೇ.

ಮಾರ್ಚ್ 31, ಸೋಮವಾರ. 11.05

ಎದುರಿಗೆ ಕೂತಿದ್ದಾಳೆ. ಸಹಿ ಮಾಡುತ್ತಿದ್ದಾಳೆ. ಕೈ ಸುಮ್ಮನಿರಲಿ ಅಂತ ನಾನು ಇದನ್ನು ಬರೆಯುತ್ತಿದ್ದೇನೆ. ಅವಳು ಒಳಗೆ ಬಂದ ಕೂಡಲೇ ಹೇಳುತ್ತೇನೆಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಮಾತು ಕೂಡ ಜೋಡಿಸಿಕೊಂಡಿದ್ದೆ. ಬಂದಳು. ಸ್ಕ್ರೂಡ್ರೈವರನ್ನು ನನ್ನ ಮೇಜಿನ ಮೇಲಿಟ್ಟಳು. ಇಟ್ಕೋ, ಲಕೋಟೆ ಬಿಚ್ಚೋಕಾದ್ರೂ ಆಗುತ್ತೆ, ಎಂದಳು. ಮಾತಿನ ಬದಲು ಫೈಲನ್ನು ಮುಂದಕ್ಕೆ ತಳ್ಳಿದೆ.

ಮೊದಲ ಪುಟದ ಖಾಕಿ ಹಾಳೆ ಎತ್ತಿ ನೋಡಿದಳು. “ಇದನ್ನ ಹಾಕಿದ್ದು ನೀನಾ?” ಎಂದಳು. ತಲೆಯಾಡಿಸಿದೆ. ಅವಳ ಕಣ್ಣು ತುಂಬಿತು. ನನ್ನನ್ನು ನೋಡಿದ ಆ ನೋಟ... ದೇವರೇ.

11.15

ಇಪ್ಪತ್ತಾರು. ಸರಸರ ಮಾಡುತ್ತಿದ್ದಾಳೆ, ಓದುತ್ತಿಲ್ಲ. ಬರೀ ಅಡಿಯಲ್ಲಿ ಸಹಿ. ಹೀಗೇ ಹೋದರೆ ಓದದೆಯೂ ಇರಬಹುದು.

11.20

ಮೂವತ್ತೆಂಟು. ಮೂವತ್ತೊಂಬತ್ತು. ಈಗ ಹೇಳಬೇಕು. ಈಗಲಾದರೂ ಹೇಳಿದರೆ ನಾನೇ ಹೇಳಿದ ಹಾಗಾಗುತ್ತದೆ.

ನಲವತ್ತು.

ತಿರುವಿದಳು. ಸಹಿಗೆ ಪೆನ್ನು ಊರಿ, ನಿಲ್ಲಿಸಿದಳು. ನನ್ನ ಅಕ್ಷರ ಅವಳಿಗೆ ಗೊತ್ತು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಮೇಲಿನಿಂದ ಓದುತ್ತಿದ್ದಾಳೆ. ಆಸ್ಪತ್ರೆ. ನಲವತ್ತು ಪಂಪು. ನಕ್ಕಳು, ಸ್ವಲ್ಪ. ಓದುತ್ತಾ ಕೆಳಗೆ ಬರುತ್ತಿದ್ದಾಳೆ. ಬೆರಳು ಮೊದಲ ಸಹಿಯ ಮೇಲೆ. ಎರಡನೆಯದರ ಮೇಲೆ. ಬೆರಳು ಅಲ್ಲೇ ಇದೆ. ಪೆನ್ನು ಕೆಳಗಿಟ್ಟಳು. ತಲೆಯೆತ್ತಿ ನನ್ನ —